ಮಕ್ಕಳ ಮೂಳೆ: ಬೆಳೆಯುತ್ತಿರುವುದೇ ತೊಡಕು, ಬೆಳೆಯುತ್ತಿರುವುದೇ ಮದ್ದು

ಒಂದು ಮಗು ಆಡುತ್ತಾ ಬಿದ್ದು ಮಣಿಕಟ್ಟಿನ ಹತ್ತಿರ ಮೂಳೆ ಮುರಿದುಕೊಂಡಿದೆ ಅಂದುಕೊಳ್ಳಿ. ಎಕ್ಸ್-ರೇಯಲ್ಲಿ ಮೂಳೆ ಚೆನ್ನಾಗಿಯೇ ಬಾಗಿರುವುದು ಕಾಣುತ್ತದೆ. ಡಾಕ್ಟರ್ ಮಾತ್ರ "ಪರವಾಗಿಲ್ಲ, ಪ್ಲಾಸ್ಟರ್ ಹಾಕೋಣ, ಮಿಕ್ಕಿದ್ದು ತಾನೇ ನೆಟ್ಟಗಾಗುತ್ತೆ" ಅನ್ನುತ್ತಾರೆ. ಅಪ್ಪ ಅಮ್ಮನಿಗೆ ನಂಬಿಕೆಯೇ ಬರುವುದಿಲ್ಲ. ಅದೇ ಡಾಕ್ಟರ್ ಇನ್ನೊಂದು ಮಗುವಿನ ಮೊಣಕೈ ಮುರಿತವನ್ನು, ಅದು ಇದಕ್ಕಿಂತ ಕಡಿಮೆ ಬಾಗಿದ್ದರೂ, ತಡ ಮಾಡದೆ ಆಪರೇಷನ್ ಥಿಯೇಟರಿಗೆ ಒಯ್ದು ತಂತಿ ಹಾಕಿ ಕೂರಿಸುತ್ತಾರೆ.

ಎರಡೂ ಸರಿಯೇ. ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಗ್ರೋತ್ ಪ್ಲೇಟ್ ಎಂಬ ತೆಳು ಪದರ ಇರುತ್ತದೆ. ಅದು ಗಟ್ಟಿ ಮೂಳೆಯಲ್ಲ, ಕಾರ್ಟಿಲೇಜ್ ಎಂಬ ಮೆತ್ತನೆಯ ಅಂಗಾಂಶ. ಮೂಳೆ ಉದ್ದವಾಗುವುದು ಅಲ್ಲಿಂದ. ಎಕ್ಸ್-ರೇಯಲ್ಲಿ ಅದು ಕಪ್ಪು ಗೆರೆಯಂತೆ ಕಾಣುತ್ತದೆ, ಎಷ್ಟೋ ಜನ ಅದನ್ನೇ ಬಿರುಕು ಅಂದುಕೊಂಡು ಗಾಬರಿಯಾಗುತ್ತಾರೆ. ಆದರೆ ಎಲ್ಲ ಪದರಗಳೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ. ಮುಂಗೈಯ ಉದ್ದದಲ್ಲಿ ಶೇ. 75ರಿಂದ 80ರಷ್ಟು ಬರುವುದು ಮಣಿಕಟ್ಟಿನ ಕಡೆಯಿಂದ. ತೋಳಿನ ಮೂಳೆಯಲ್ಲಿ ಇದು ತಲೆಕೆಳಗು: ಶೇ. 80ರಷ್ಟು ಭುಜದ ಕಡೆಯಿಂದ, ಮೊಣಕೈ ಕಡೆಯಿಂದ ಬರೀ ಶೇ. 20. ಹಾಗಾಗಿ ಮಣಿಕಟ್ಟಿನ ಹತ್ತಿರ ಸ್ವಲ್ಪ ಸೊಟ್ಟ ಉಳಿದರೂ ಬೆಳವಣಿಗೆ ಅದನ್ನು ತಿದ್ದಿಕೊಳ್ಳುತ್ತದೆ, ಮೊಣಕೈ ಹತ್ತಿರ ಉಳಿದ ಸೊಟ್ಟ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಇನ್ನೂ ಒಂದೆರಡು ಷರತ್ತುಗಳಿವೆ. ಮಗುವಿಗೆ ಬೆಳೆಯಲು ವರ್ಷಗಳು ಬಾಕಿ ಇರಬೇಕು. ಕೀಲು ಯಾವ ದಿಕ್ಕಿಗೆ ಮಡಿಯುತ್ತದೋ ಆ ದಿಕ್ಕಿನ ಬಾಗು ಚೆನ್ನಾಗಿ ಸರಿಹೋಗುತ್ತದೆ, ಮೂಳೆ ತಿರುಚಿಕೊಂಡು ಕೂಡಿದ್ದರೆ ಮಾತ್ರ ಅಷ್ಟಾಗಿ ಸರಿಹೋಗುವುದಿಲ್ಲ.

ಪೆಟ್ಟು ಆ ಪದರಕ್ಕೇ ಬಿದ್ದರೆ ಕಥೆ ಬೇರೆ. ಟೊರಾಂಟೋದ ರಾಬರ್ಟ್ ಸಾಲ್ಟರ್ ಮತ್ತು ಹ್ಯಾರಿಸ್ 1963ರಲ್ಲಿ ಇಂಥ ಪೆಟ್ಟುಗಳನ್ನು ಐದು ಬಗೆಯಾಗಿ ವಿಂಗಡಿಸಿದರು, ಇವತ್ತಿಗೂ ಅದೇ ಬಳಕೆಯಲ್ಲಿದೆ. ಐದನೆಯ ಬಗೆಯಲ್ಲಿ ಪದರ ಜಜ್ಜಿ ಹೋಗಿರುತ್ತದೆ, ಮೊದಲ ದಿನದ ಎಕ್ಸ್-ರೇಯಲ್ಲಿ ಏನೂ ಕಾಣದೆಯೂ ಇರಬಹುದು. ತಿಂಗಳುಗಟ್ಟಲೆ ಆದ ಮೇಲೆ ಒಂದು ಕಾಲು ಗಿಡ್ಡವಾಗುತ್ತಾ ಹೋದಾಗಲೋ, ಪದರದ ಅರ್ಧ ಮಾತ್ರ ನಿಂತುಹೋಗಿ ಮೂಳೆ ಒಂದು ಕಡೆಗೆ ವಾಲಿದಾಗಲೋ ಗೊತ್ತಾಗುತ್ತದೆ. ಮೂಳೆ ಕೂಡಿಕೊಂಡ ಮೇಲೂ "ಆರು ತಿಂಗಳು ಬಿಟ್ಟು ಇನ್ನೊಂದ್ಸಲ ಬನ್ನಿ" ಅಂತಾರಲ್ಲ, ಅದು ಸುಮ್ನೆ ಅಲ್ಲ.

ಮಕ್ಕಳ ಮೂಳೆ ಚಿಕಿತ್ಸೆಯ ಸಂಶೋಧನೆ ಎಲ್ಲಾ ಸುತ್ತುವುದು ಈ ಒಂದು ಪ್ರಶ್ನೆಯ ಸುತ್ತ: ನಾವು ಏನೂ ಮಾಡದಿದ್ದರೆ ಬೆಳವಣಿಗೆ ಇದನ್ನು ಸರಿಮಾಡುತ್ತದಾ, ಕೆಡಿಸುತ್ತದಾ? ಕೇಳಲು ಸುಲಭ. ಉತ್ತರ ಸಿಗಲು ಒಮ್ಮೊಮ್ಮೆ ಅರ್ಧ ಶತಮಾನ ಬೇಕಾಗುತ್ತದೆ.

ಯಾಕೆಂದರೆ ಮಕ್ಕಳಲ್ಲಿ ಎಷ್ಟೋ ತೊಂದರೆಗಳು ತಾವೇ ಹೋಗುತ್ತವೆ. ಎರಡು ವರ್ಷದವರೆಗೆ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುವುದು, ಮೂರು ನಾಲ್ಕು ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವುದು, ಏಳರ ಹೊತ್ತಿಗೆ ದೊಡ್ಡವರ ಕಾಲಿನ ಆಕಾರ ಬರುವುದು, ಇದೆಲ್ಲ ಮಾಮೂಲು. ಈ ನಡುವೆ ನೀವು ಯಾವ ಎಣ್ಣೆ ಹಚ್ಚಿದ್ದರೂ, ಯಾವ ಬೂಟು ಹಾಕಿಸಿದ್ದರೂ ಅದರಿಂದಲೇ ವಾಸಿಯಾಯಿತು ಅನ್ನಿಸುತ್ತದೆ. ಇದನ್ನು ಪರೀಕ್ಷೆ ಮಾಡಿದ್ದೂ ಉಂಟು. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಪ್ಪಟೆ ಪಾದದ ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ವಿಶೇಷ ಬೂಟು, ಕೆಲವರಿಗೆ ಬೂಟಿನೊಳಗೆ ಇಡುವ ಅಚ್ಚು, ಕೆಲವರಿಗೆ ಏನೂ ಇಲ್ಲ, ಹೀಗೆ ಮೂರು ವರ್ಷ ನೋಡಿದರು. ಎಲ್ಲ ಗುಂಪಿನ ಪಾದಗಳೂ ಸುಧಾರಿಸಿದವು, ಏನೂ ಹಾಕದವರದ್ದೂ ಅಷ್ಟೇ. ಅದಾದ ಮೇಲೂ ಮಕ್ಕಳಿಗೆ ಆ ಬೂಟುಗಳನ್ನು ಮಾರುವುದು ನಿಂತಿಲ್ಲ ಅನ್ನೋದು ಬೇರೆ ಮಾತು.

ಇತ್ತೀಚಿನ ಉದಾಹರಣೆ ಬೇಕೆಂದರೆ ಬ್ರಿಟನ್ನಿನ ಫೋರ್ಸ್ ಟ್ರಯಲ್ ನೋಡಿ. ಮಕ್ಕಳ ಮೂಳೆ ದೊಡ್ಡವರದರಷ್ಟು ಪೆಡಸಲ್ಲ. ಅದು ಹಸಿ ಕಡ್ಡಿಯ ಹಾಗೆ ಒಂದು ಬದಿ ಮಾತ್ರ ಬಿಟ್ಟುಕೊಳ್ಳಬಹುದು, ಇಲ್ಲವೇ ಒತ್ತಡಕ್ಕೆ ಸಿಕ್ಕಿ ಬರೀ ಉಬ್ಬಿಕೊಳ್ಳಬಹುದು. ಮಣಿಕಟ್ಟಿನ ಈ ಉಬ್ಬು ಮುರಿತಕ್ಕೆ ಮುಂಚಿನಿಂದಲೂ ಗಟ್ಟಿ ಪಟ್ಟಿ, ಪ್ಲಾಸ್ಟರ್ ಹಾಕುತ್ತಿದ್ದರು. 4ರಿಂದ 15 ವರ್ಷದ 965 ಮಕ್ಕಳಲ್ಲಿ ಅರ್ಧ ಜನಕ್ಕೆ ಅದನ್ನೇ ಹಾಕಿ, ಇನ್ನರ್ಧಕ್ಕೆ ಬೇಕಾದರೆ ಸುತ್ತಿಕೊಳ್ಳಲಿ ಅಂತ ಮೆತ್ತನೆ ಬ್ಯಾಂಡೇಜ್ ಕೊಟ್ಟು ಕಳಿಸಿದರು. ಮೂರನೇ ದಿನದ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಆಮೇಲೆ ಕೈ ಬಳಸುವುದರಲ್ಲೂ ಇಲ್ಲ. 2022ರಲ್ಲಿ ಫಲಿತಾಂಶ ಬಂತು. ಹೊಸ ಮೆಷಿನ್ ಇಲ್ಲ, ಹೊಸ ಔಷಧಿ ಇಲ್ಲ, "ಇದು ನಿಜವಾಗಿ ಬೇಕಾ" ಅಂತ ಕೇಳಿದ್ದೇ ಸಂಶೋಧನೆ. ನನಗಂತೂ ಈ ಕ್ಷೇತ್ರದಲ್ಲಿ ತುಂಬ ಇಷ್ಟವಾಗುವುದು ಈ ಬಗೆಯ ಕೆಲಸವೇ.

ಕಡಿಮೆ ಮಾಡಿ ಜಾಸ್ತಿ ಪಡೆದ ಕಥೆಗಳಲ್ಲಿ ದೊಡ್ಡದು ಕ್ಲಬ್‌ಫೂಟ್‌ನದು. ಸಾವಿರಕ್ಕೆ ಸುಮಾರು ಒಂದು ಮಗು ಪಾದ ಒಳಕ್ಕೆ ಮತ್ತು ಕೆಳಕ್ಕೆ ತಿರುಗಿಕೊಂಡೇ ಹುಟ್ಟುತ್ತದೆ. ಹಾಗೇ ಬಿಟ್ಟರೆ ಪಾದದ ಪಕ್ಕದ ಮೇಲೆಯೇ ನಡೆಯಬೇಕಾಗುತ್ತದೆ. ಇಲ್ಲಿ ಬೆಳವಣಿಗೆ ತಾನಾಗಿ ಏನನ್ನೂ ಸರಿಮಾಡುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಬಹುಕಾಲ ಇದಕ್ಕೆ ದೊಡ್ಡ ಆಪರೇಷನ್ ಮಾಡುತ್ತಿದ್ದರು: ಬಿಗಿಯಾಗಿರುವುದನ್ನೆಲ್ಲ ಕತ್ತರಿಸಿ ಬಿಡಿಸಿ, ಪಾದವನ್ನು ನೆಟ್ಟಗೆ ಕೂರಿಸುವುದು. ನೋಡಲು ಚೆನ್ನಾಗಿಯೇ ಬರುತ್ತಿತ್ತು.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ ಇಗ್ನಾಸಿಯೋ ಪೊನ್ಸೆಟಿ, ಹಾಗೆ ಆಪರೇಷನ್ ಆದ ಮಕ್ಕಳು ದೊಡ್ಡವರಾದ ಮೇಲೆ ಅವರ ಪಾದಗಳು ಹೇಗಿವೆ ಅಂತ ನೋಡಿದರು. ಪಾದ ಪೆಡಸಾಗಿತ್ತು, ಶಕ್ತಿ ಇರಲಿಲ್ಲ, ನೋವು ಬೇರೆ. ಗಾಯ ಮಾಯುವಾಗ ಒಳಗೆಲ್ಲ ಕಲೆ ಕಟ್ಟಿಕೊಳ್ಳುತ್ತದಲ್ಲ, ಅದರ ಪರಿಣಾಮ. ಹಸುಗೂಸಿನ ಪಾದದ ಮೂಳೆಗಳು ಬಹುಪಾಲು ಇನ್ನೂ ಕಾರ್ಟಿಲೇಜ್, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಎಳೆದಂತೆ ಬರುತ್ತವೆ. ಅದನ್ನೇ ಬಳಸಿಕೊಳ್ಳೋಣ ಅಂತ 1940ರ ದಶಕದ ಕೊನೆಯಲ್ಲಿ ಅವರು ಬೇರೆ ದಾರಿ ಹಿಡಿದರು. ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಬಂದಷ್ಟು ಬಂದಲ್ಲಿಗೆ ಪ್ಲಾಸ್ಟರ್ ಹಾಕುವುದು. ಐದಾರು ಪ್ಲಾಸ್ಟರ್‌ನಲ್ಲಿ ಹೆಚ್ಚಿನ ಪಾದಗಳು ತಿರುಗಿ ಬರುತ್ತವೆ. ಇದರಲ್ಲಿ ಕೈಚಳಕ ಇರುವುದು ಎಲ್ಲಿ ಒತ್ತಬೇಕು ಅನ್ನುವುದರಲ್ಲಿ. ಹೆಬ್ಬೆರಳನ್ನು ಹಿಮ್ಮಡಿ ಗಂಟಿನ ಮುಂದಿರುವ ಟೇಲಸ್ ಎಂಬ ಮೂಳೆಯ ಮೇಲಿಟ್ಟು, ಮಿಕ್ಕ ಪಾದವನ್ನು ಅದರ ಸುತ್ತ ಹೊರಕ್ಕೆ ತಿರುಗಿಸಬೇಕು. ಮೊದಲ ಪ್ಲಾಸ್ಟರ್‌ನಲ್ಲಂತೂ ಪಾದದ ಮುಂಭಾಗವನ್ನು ಇನ್ನೂ ಒಳಕ್ಕೆ ಮಗುಚಿದ ಹಾಗೆ ಕಾಣುತ್ತದೆ, ನೋಡಿದವರಿಗೆ ಇದೇನು ಉಲ್ಟಾ ಮಾಡುತ್ತಿದ್ದಾರೆ ಅನ್ನಿಸಬೇಕು. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿ ಟೆಂಡನ್‌ಗೆ ಒಂದು ಸಣ್ಣ ಕೊಯ್ತ. ಮೂರು ವಾರದ ಕೊನೆಯ ಪ್ಲಾಸ್ಟರ್ ತೆಗೆಯುವಷ್ಟರಲ್ಲಿ ಅದು ಉದ್ದವಾಗಿ ಕೂಡಿಕೊಂಡಿರುತ್ತದೆ.

1963ರಲ್ಲೇ ಪೊನ್ಸೆಟಿ ಇದನ್ನು ಪ್ರಕಟಿಸಿದ್ದರು. ಬಹಳ ಕಾಲ ಹೆಚ್ಚು ಜನ ತಲೆಗೆ ಹಾಕಿಕೊಳ್ಳಲಿಲ್ಲ. 1995ರಲ್ಲಿ ಅಯೋವಾದವರೇ, ಚಿಕಿತ್ಸೆ ಆಗಿ ಸರಾಸರಿ 30 ವರ್ಷ ದಾಟಿದವರನ್ನು ಕರೆಸಿ ನೋಡಿದಾಗ ಶೇ. 78ರಷ್ಟು ಜನರ ಪಾದ ಚೆನ್ನಾಗಿತ್ತು. ಹುಟ್ಟಿನಿಂದ ಪಾದದ ತೊಂದರೆಯೇ ಇಲ್ಲದವರಲ್ಲಿ ಅದೇ ಅಳತೆಗೆ ಬಂದದ್ದು ಶೇ. 85. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಆಮೇಲೆ ಇಂಟರ್ನೆಟ್‌ನಲ್ಲಿ ಅಪ್ಪ ಅಮ್ಮಂದಿರು ಒಬ್ಬರಿಗೊಬ್ಬರು ಹೇಳಿಕೊಂಡು, ತಮ್ಮ ತಮ್ಮ ಡಾಕ್ಟರುಗಳನ್ನು ಕೇಳಲು ಶುರುಮಾಡಿದರು. ಈಗ ಜಗತ್ತಿನ ಹೆಚ್ಚಿನ ಕಡೆ ಮೊದಲ ಚಿಕಿತ್ಸೆ ಇದೇ.

ಒಂದೇ ಒಂದು ತೊಡಕು ಉಳಿದಿದೆ, ಅದು ಡಾಕ್ಟರ ಕೈಯಲ್ಲಿಲ್ಲ. ಪ್ಲಾಸ್ಟರ್ ಮುಗಿದ ಮೇಲೆ ಎರಡು ಬೂಟುಗಳ ನಡುವೆ ಪಟ್ಟಿ ಇರುವ ಬ್ರೇಸ್ ಹಾಕಬೇಕು: ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ. ಪಾದ ನೋಡಿದರೆ ಸರಿಹೋಗಿದೆ, ಮಗು ಅಳುತ್ತದೆ, ಮನೆಯವರು ಬಿಟ್ಟುಬಿಡುತ್ತಾರೆ. ಪಾದ ಮತ್ತೆ ತಿರುಗಲು ಎಲ್ಲಕ್ಕಿಂತ ದೊಡ್ಡ ಕಾರಣ ಇದು.

ಬ್ರೇಸ್ ಮಾತು ಬಂತಲ್ಲ, ಬೆನ್ನಿಗೆ ಬರೋಣ. ಸ್ಕೋಲಿಯೋಸಿಸ್ ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿ ಜೊತೆಗೆ ತಿರುಚಿಕೊಳ್ಳುವುದು. ಎಕ್ಸ್-ರೇಯಲ್ಲಿ ಅದನ್ನು ಅಳೆಯುವ ಕಾಬ್ ಕೋನ 1948ರಿಂದ ಬಳಕೆಯಲ್ಲಿದೆ. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಅನ್ನುತ್ತಾರೆ. ಹದಿಹರೆಯದಲ್ಲಿ ಬರುವ ಬಗೆಯೇ ಜಾಸ್ತಿ, ಬಾಗು ದೊಡ್ಡದಾಗುವುದು ಹುಡುಗಿಯರಲ್ಲೇ ಹೆಚ್ಚು. ಭಾರದ ಚೀಲ ಹೊತ್ತಿದ್ದಕ್ಕೆ, ಸೊಟ್ಟಗೆ ಕೂತಿದ್ದಕ್ಕೆ, ಫೋನ್ ನೋಡಿದ್ದಕ್ಕೆ ಇದು ಬರುವುದಿಲ್ಲ. ಮಗಳನ್ನು ಬೈಯುವುದು ಬಿಡಿ.

ಆಪರೇಷನ್ ಇಲ್ಲದೆ ಇದು ಏನಾಗುತ್ತದೆ? 1932ರಿಂದ 1948ರ ನಡುವೆ ಅಯೋವಾಕ್ಕೆ ತೋರಿಸಿಕೊಂಡು ಹೋಗಿ ಚಿಕಿತ್ಸೆ ಪಡೆಯದೆ ಉಳಿದ 117 ಜನರನ್ನು ಸ್ಟುವರ್ಟ್ ವೈನ್‌ಸ್ಟೀನ್ ಮತ್ತು ಸಂಗಡಿಗರು ಸುಮಾರು 50 ವರ್ಷದ ನಂತರ ಹುಡುಕಿ ನೋಡಿದರು. 2003ರಲ್ಲಿ ವರದಿ ಬಂತು. ಸದಾ ಬೆನ್ನು ನೋವು ಇದೆ ಅಂದವರು ಶೇ. 61, ಬೆನ್ನು ನೆಟ್ಟಗಿರುವವರಲ್ಲಿ ಶೇ. 35. ಆದರೆ ಹೆಚ್ಚಿನವರ ನೋವು ಸಾಧಾರಣ ಮಟ್ಟದ್ದು, ಕೆಲಸ ಸಂಸಾರ ಎಲ್ಲ ನಡೆಸಿಕೊಂಡು ಬಂದಿದ್ದರು. ಉಸಿರಿನ ತೊಂದರೆ ಹೆಚ್ಚಾಗಿ ಕಂಡದ್ದು ಎದೆಭಾಗದ ಬಾಗು 80 ಡಿಗ್ರಿ ದಾಟಿದವರಲ್ಲಿ. "ಈಗಲೇ ಆಪರೇಷನ್ ಮಾಡಿಸದಿದ್ದರೆ ಹಾಸಿಗೆ ಹಿಡಿಯುತ್ತಾಳೆ" ಅನ್ನುವ ಹೆದರಿಕೆಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಹಾಗಂತ ಬಿಟ್ಟುಬಿಡಿ ಅಂತಲೂ ಅಲ್ಲ, ಯಾಕೆಂದರೆ ಬೆಳವಣಿಗೆ ಮುಗಿಯುವಾಗ 50 ಡಿಗ್ರಿ ದಾಟಿದ ಬಾಗು ಆಮೇಲೂ ಮೆಲ್ಲಗೆ ಹೆಚ್ಚುತ್ತಲೇ ಇರುತ್ತದೆ. ಆಪರೇಷನ್ ಮಾತು ಆ 50ರ ಆಸುಪಾಸಿನಲ್ಲಿ ಬರುವುದು ಅದಕ್ಕೇ.

ಅಲ್ಲಿಗೆ ಹೋಗದಂತೆ ತಡೆಯಬಹುದಾ? ದಶಕಗಟ್ಟಲೆ ಮಕ್ಕಳಿಗೆ ಮೈಗೆ ಬಿಗಿಯಾಗಿ ಕೂರುವ ಬೆನ್ನಿನ ಬ್ರೇಸ್ ತೊಡಿಸುತ್ತಿದ್ದರು, ಆದರೆ ಅದರಿಂದ ಉಪಯೋಗವೇ ಎಂಬ ಬಗ್ಗೆ ಡಾಕ್ಟರುಗಳಲ್ಲೇ ಎರಡು ಪಂಗಡ. ಇದಕ್ಕೆ ಉತ್ತರ ಕೊಟ್ಟದ್ದು ಬ್ರೇಸ್ಟ್ ಟ್ರಯಲ್, 2013ರಲ್ಲಿ. ಇಂಥ ಟ್ರಯಲ್ ನಡೆಸುವ ಕಷ್ಟವೂ ಅದರಲ್ಲೇ ಕಾಣುತ್ತದೆ. ಬ್ರೇಸ್ ಬೇಕೋ ಬೇಡವೋ ಅಂತ ಚೀಟಿ ಎತ್ತಿ ತೀರ್ಮಾನ ಮಾಡೋಣ ಅಂದರೆ ಯಾವ ಅಪ್ಪ ಅಮ್ಮ ಒಪ್ಪುತ್ತಾರೆ? ಬಹಳ ಕುಟುಂಬಗಳು ಒಪ್ಪಲಿಲ್ಲ. ಕೊನೆಗೆ 242 ಮಕ್ಕಳಲ್ಲಿ 116 ಮಂದಿಯನ್ನು ಮಾತ್ರ ಹಾಗೆ ಹಂಚಿದರು, ಮಿಕ್ಕ 126 ಮಂದಿ ತಮಗೆ ಬೇಕಾದ್ದನ್ನು ಆರಿಸಿಕೊಂಡರು. ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿದರೆ ಗೆದ್ದಂತೆ. ಬ್ರೇಸ್ ಹಾಕಿದವರಲ್ಲಿ ಶೇ. 72 ಗೆದ್ದರು, ಬರೀ ಕಾದು ನೋಡಿದವರಲ್ಲಿ ಶೇ. 48. ಫಲಿತಾಂಶ ಎಷ್ಟು ಸ್ಪಷ್ಟವಾಗಿತ್ತೆಂದರೆ ಟ್ರಯಲ್ ಅನ್ನು ನಡುವೆಯೇ ನಿಲ್ಲಿಸಿದರು. ಬ್ರೇಸ್‌ನೊಳಗೆ ಶಾಖ ಅಳೆಯುವ ಪುಟ್ಟ ಸೆನ್ಸರ್ ಇಟ್ಟಿದ್ದರಿಂದ ಯಾರು ನಿಜವಾಗಿ ಎಷ್ಟು ಹೊತ್ತು ತೊಟ್ಟಿದ್ದರು ಅನ್ನುವುದೂ ಗೊತ್ತಾಯಿತು. ದಿನಕ್ಕೆ ಸರಾಸರಿ 12.9 ಗಂಟೆಗಿಂತ ಹೆಚ್ಚು ತೊಟ್ಟವರಲ್ಲಿ ಶೇ. 90ಕ್ಕಿಂತ ಹೆಚ್ಚು ಗೆಲುವು.

ಈಗ ಆ ಶೇ. 48 ಅನ್ನು ಇನ್ನೊಂದ್ಸಲ ನೋಡಿ. ಏನೂ ಹಾಕದೆ ಅರ್ಧದಷ್ಟು ಮಕ್ಕಳು ಪಾರಾದರು. ಅಂದರೆ ಬ್ರೇಸ್ ತೊಟ್ಟು ಬೇಸಿಗೆ, ಶಾಲೆ, ನಾಚಿಕೆ ಎಲ್ಲ ಸಹಿಸಿಕೊಂಡವರಲ್ಲಿ ಹಲವರಿಗೆ ಅದು ಬೇಕೇ ಇರಲಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಮೊದಲೇ ಹೇಳುವುದು ಹೇಗೆ ಅನ್ನುವುದೇ ಮುಂದಿನ ಕೆಲಸ. ಕೈಯ ಎಕ್ಸ್-ರೇ ನೋಡಿ ಮೂಳೆಯ ವಯಸ್ಸು ಲೆಕ್ಕ ಹಾಕಿ, ಇನ್ನು ಎಷ್ಟು ಬೆಳವಣಿಗೆ ಬಾಕಿ ಇದೆ ಅಂತ ಅಂದಾಜು ಮಾಡುವುದು ಈಗಿನ ದಾರಿ.

ತೀರ ಚಿಕ್ಕ ಮಕ್ಕಳ ಬೆನ್ನು ಬಾಗಿದರೆ ಕಷ್ಟ ಜಾಸ್ತಿ. ರಾಡ್ ಹಾಕಿ ಬೆನ್ನನ್ನು ಬೆಸೆದರೆ ನೆಟ್ಟಗಾಗುತ್ತದೆ, ಆದರೆ ಬೆಸೆದ ಭಾಗ ಮತ್ತೆ ಬೆಳೆಯುವುದಿಲ್ಲ. ಬೆನ್ನು ಬೆಳೆಯದಿದ್ದರೆ ಎದೆಗೂಡು ಬೆಳೆಯುವುದಿಲ್ಲ, ಎದೆಗೂಡಿಗೆ ಜಾಗ ಇಲ್ಲದಿದ್ದರೆ ಶ್ವಾಸಕೋಶಕ್ಕೂ ಇಲ್ಲ. ಗಿಡ್ಡವಾದರೂ ನೆಟ್ಟಗಿದ್ದರೆ ಸಾಕು ಅನ್ನುವ ಹಳೆಯ ಮಾತು ಹೀಗೆ ಬಿದ್ದುಹೋಯಿತು. ಬದಲಿಗೆ ಬಂದದ್ದು ಉದ್ದ ಮಾಡಬಲ್ಲ ರಾಡ್. ಮೊದಮೊದಲು ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ಆಪರೇಷನ್ ಮಾಡಿ ಉದ್ದ ಮಾಡಬೇಕಿತ್ತು, ಆಮೇಲೆ ಹೊರಗಿನಿಂದ ಮ್ಯಾಗ್ನೆಟ್ ಹಿಡಿದು ಉದ್ದ ಮಾಡುವವು ಬಂದವು. ಎಲ್ಲರಿಗೂ ಖುಷಿ. ನಂತರ ಆ ರಾಡ್‌ಗಳು ಒಳಗೊಳಗೇ ಸವೆದು ಲೋಹದ ಪುಡಿ ಬಿಡುತ್ತಿರುವುದು ಕಂಡುಬಂದು ಖುಷಿ ಅರ್ಧವಾಯಿತು.

ಇದಕ್ಕೆಲ್ಲ ಮುಂಚೆ ಬ್ರಿಟನ್ನಿನಲ್ಲಿ ಮಿನ್ ಮೆಹ್ತಾ ಎಂಬ ಸರ್ಜನ್ ಮಾಡಿ ತೋರಿಸಿದ ಕೆಲಸ ಬೇರೆ ತೂಕದ್ದು. ಒಂದೆರಡು ವರ್ಷದ ಕೂಸಿನ ಬೆನ್ನು ತುಂಬ ವೇಗವಾಗಿ ಬೆಳೆಯುತ್ತಿರುತ್ತದೆ. ಸರಿಯಾದ ಭಂಗಿಯಲ್ಲಿ ಮೈಗೆ ಪ್ಲಾಸ್ಟರ್ ಹಾಕಿ, ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಾ ಹೋದರೆ ಆ ವೇಗವೇ ಬಾಗನ್ನು ತಿದ್ದುತ್ತದೆ. 136 ಮಕ್ಕಳ ಫಲಿತಾಂಶವನ್ನು ಅವರು 2005ರಲ್ಲಿ ಪ್ರಕಟಿಸಿದರು. ಸರಾಸರಿ 19 ತಿಂಗಳಿಗೆ ಚಿಕಿತ್ಸೆ ಶುರುವಾದ 94 ಮಕ್ಕಳ ಬಾಗು ಮೂರೂವರೆ ವರ್ಷದ ಹೊತ್ತಿಗೆ ಮಾಯವಾಗಿತ್ತು. ಸರಾಸರಿ 30 ತಿಂಗಳಿಗೆ ಬಂದ 42 ಮಕ್ಕಳಲ್ಲಿ ಕಡಿಮೆ ಮಾಡಲು ಆಯಿತೇ ಹೊರತು ಪೂರ್ತಿ ಹೋಗಲಿಲ್ಲ. ನಡುವಿನ ಅಂತರ ಹನ್ನೊಂದು ತಿಂಗಳು, ಅಷ್ಟೇ.

ಬೆಳವಣಿಗೆಯನ್ನೇ ಕೆಲಸಕ್ಕೆ ಹಚ್ಚುವ ಈ ಯೋಚನೆ ಬೇರೆ ಕಡೆಯೂ ಇದೆ. ಮೂಳೆಯ ಒಂದು ಬದಿಗೆ ಒತ್ತಡ ಹೆಚ್ಚಾದರೆ ಆ ಬದಿಯ ಬೆಳವಣಿಗೆ ನಿಧಾನವಾಗುತ್ತದೆ. ವಾಲಿದ ಮಂಡಿಗೆ ಒಂದು ಬದಿಯಲ್ಲಿ ಪುಟ್ಟ ಪ್ಲೇಟು, ಎರಡು ಸ್ಕ್ರೂ ಹಾಕಿ ಬಿಟ್ಟರೆ ಇನ್ನೊಂದು ಬದಿ ಬೆಳೆದು ಕಾಲು ನೆಟ್ಟಗಾಗುತ್ತದೆ, ಆಮೇಲೆ ಪ್ಲೇಟು ತೆಗೆದರಾಯಿತು. ಅದೇ ಉಪಾಯವನ್ನು ಬೆನ್ನಿಗೂ ತಂದಿದ್ದಾರೆ: ಬಾಗಿನ ಹೊರಬದಿಗೆ ಸ್ಕ್ರೂಗಳ ಸಾಲು, ಅವುಗಳ ನಡುವೆ ಬಳುಕುವ ಹುರಿ. 2019ರಲ್ಲಿ ಅಮೆರಿಕದ ಔಷಧ ಮತ್ತು ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಬೆನ್ನು ಬೆಸೆಯದೆ ಸರಿಹೋಗುತ್ತದೆ ಅಂದರೆ ಯಾರಿಗೆ ಬೇಡ? ಆದರೆ ಹುರಿ ತುಂಡಾಗುವುದಿದೆ, ಬಾಗು ಅತಿಯಾಗಿ ತಿದ್ದಿ ಇನ್ನೊಂದು ಕಡೆಗೆ ವಾಲುವುದಿದೆ, ಮತ್ತೆ ಆಪರೇಷನ್ ಆಗುವುದಿದೆ. ಜಾಹೀರಾತು ನೋಡಿ ಓಡುವ ಮುಂಚೆ ಈ ಮೂರನ್ನೂ ಕೇಳಿ ತಿಳಿದುಕೊಳ್ಳಬೇಕು.

ಕತ್ತಿ ಮುಟ್ಟದ ಸಂಶೋಧನೆಯೂ ಜೋರಾಗಿದೆ. ಸುಲಭವಾಗಿ ಮೂಳೆ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಕಾಯಿಲೆಯ 30 ಮಕ್ಕಳಿಗೆ ಪಾಮಿಡ್ರೊನೇಟ್ ಎಂಬ ಔಷಧಿ ಕೊಟ್ಟು, ಮೂಳೆ ಗಟ್ಟಿಯಾಗಿ ಮುರಿತ ಕಡಿಮೆಯಾದದ್ದನ್ನು ಮಾಂಟ್ರಿಯಲ್‌ನ ಫ್ರಾನ್ಸಿಸ್ ಗ್ಲೋರಿಯೋ 1998ರಲ್ಲಿ ತೋರಿಸಿದರು. ಕುಬ್ಜತೆಯ ಒಂದು ಬಗೆಯಾದ ಅಕಾಂಡ್ರೊಪ್ಲೇಸಿಯಾದ ಜೀನ್ ದೋಷ 1994ರಲ್ಲಿ ಸಿಕ್ಕಿತು, 2021ರಲ್ಲಿ ಅದಕ್ಕೆ ವೊಸೊರಿಟೈಡ್ ಎಂಬ ದಿನಕ್ಕೊಂದು ಇಂಜೆಕ್ಷನ್‌ಗೆ ಒಪ್ಪಿಗೆಯಾಯಿತು. ಟ್ರಯಲ್‌ನಲ್ಲಿ ವರ್ಷಕ್ಕೆ ಸುಮಾರು 1.6 ಸೆಂಟಿಮೀಟರ್ ಹೆಚ್ಚು ಬೆಳವಣಿಗೆ ಕಂಡಿತ್ತು.

ಇಷ್ಟೆಲ್ಲ ಓದಿ, ಮಕ್ಕಳ ಮೂಳೆ ವಿಷಯದಲ್ಲಿ ಕಾದರೆ ಸಾಕು ಅಂತ ತೀರ್ಮಾನಕ್ಕೆ ಬರಬೇಡಿ. ಸೊಂಟದ ಕೀಲು ಮಾತ್ರ ಕಾಯುವುದಕ್ಕೆ ಆಗುವುದಲ್ಲ. ಹುಟ್ಟುವಾಗ ಆ ಕೀಲು ಸಡಿಲವಾಗಿದ್ದರೆ ಮೊದಲ ಕೆಲವು ತಿಂಗಳಲ್ಲಿ ಪಾವ್ಲಿಕ್ ಹಾರ್ನೆಸ್ ಎಂಬ ಮೆತ್ತನೆ ಪಟ್ಟಿಗಳಿಂದ ಹೆಚ್ಚಿನ ಮಕ್ಕಳಿಗೆ ಸರಿಹೋಗುತ್ತದೆ. ನಡೆಯಲು ಶುರುಮಾಡಿದ ಮೇಲೆ ಗೊತ್ತಾದರೆ ಸಾಮಾನ್ಯವಾಗಿ ಆಪರೇಷನ್ನೇ. ಹೊಟ್ಟೆಯಲ್ಲಿ ತಲೆ ಮೇಲಾಗಿದ್ದ ಮಗು, ಮನೆಯಲ್ಲಿ ಬೇರೆಯವರಿಗೂ ಇದ್ದ ಮಗು, ಇವರಿಗೆ ತಪ್ಪದೆ ಅಲ್ಟ್ರಾಸೌಂಡ್ ಮಾಡಿಸಬೇಕು. ಕೂಸಿನ ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಿಗಿಯಾಗಿ ಸುತ್ತಬಾರದು, ತೊಡೆಗಳು ಅಗಲಿಸಿ ಮಡಚಲು ಜಾಗ ಇರಬೇಕು. ಜಪಾನಿನಲ್ಲಿ 1970ರ ದಶಕದಲ್ಲಿ ಇದಿಷ್ಟನ್ನೇ ಊರೂರಿಗೆ ಹೇಳಿ ಕೀಲು ಜಾರುವುದನ್ನು ಬಹಳ ಮಟ್ಟಿಗೆ ಇಳಿಸಿದರು.

ಸೊಂಟದ ಕೀಲಿನ ಇನ್ನೊಂದು ತೊಂದರೆ ಬರುವುದು ಹತ್ತರಿಂದ ಹದಿನಾರರ ವಯಸ್ಸಿನಲ್ಲಿ, ತೂಕ ಹೆಚ್ಚಿರುವ ಮಕ್ಕಳಲ್ಲಿ ಹೆಚ್ಚು. ತೊಡೆಮೂಳೆಯ ತಲೆ ಗ್ರೋತ್ ಪ್ಲೇಟಿನ ಜಾಗದಲ್ಲೇ ಜಾರಲು ಶುರುವಾಗುತ್ತದೆ. ಮೋಸ ಏನೆಂದರೆ ಎಷ್ಟೋ ಮಕ್ಕಳು ನೋವು ಅಂತ ತೋರಿಸುವುದು ಮಂಡಿಯನ್ನು. ಮಂಡಿಯ ಎಕ್ಸ್-ರೇ ತೆಗೆದು, ಏನೂ ಇಲ್ಲ ಅಂತ ಮಾತ್ರೆ ಕೊಟ್ಟು ಕಳಿಸಿ, ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಜಾರಿದ್ದು ಇನ್ನೂ ಜಾರಿ ಮೂಳೆಯ ರಕ್ತಸಂಚಾರಕ್ಕೇ ಕುತ್ತು ಬರಬಹುದು. ಬೇಗ ಗೊತ್ತಾದರೆ ಇದ್ದಲ್ಲೇ ಒಂದು ಸ್ಕ್ರೂ ಹಾಕಿ ನಿಲ್ಲಿಸಬಹುದು. ಆ ವಯಸ್ಸಿನ ಮಗು ಮಂಡಿ ನೋವು ಅಂತ ಕುಂಟುತ್ತಿದ್ದು, ನಡೆಯುವಾಗ ಪಾದ ಹೊರಕ್ಕೆ ತಿರುಗಿದ್ದರೆ, ಸೊಂಟದ ಕೀಲಿನ ಎಕ್ಸ್-ರೇ ಅವತ್ತೇ ಆಗಬೇಕು, ಎರಡೂ ಕಡೆಯದು. ಫಲಿತಾಂಶ ಬರುವವರೆಗೆ ಆ ಕಾಲಿನ ಮೇಲೆ ಭಾರ ಹಾಕಿಸಬೇಡಿ.